ಬನ್ನೂರಿನ ಸಂತೆಯಿಂದ ಮೇಲುಕೋಟೆಯ ಒಣಬಯಲಿಗೆ: ಕುರಿತಳಿಗಳ ಜಾಡಿನಲ್ಲಿ

ಮೊದಲ ದಿನ: ಬನ್ನೂರು, ಕಿರುಗಾವಲು

ಮಂಡ್ಯ ಎಂದರೆ ಕಬ್ಬು, ಭತ್ತ ಮತ್ತು ನಾಲೆಯ ನೀರು ಎಂದೇ ಹೊರಗಿನವರ ಎಣಿಕೆ. ಆದ್ದರಿಂದ ಒಣಸೀಮೆಯ ಗಟ್ಟಿ ಕುರಿತಳಿಗಳನ್ನು ನೋಡಲು ಆ ಜಿಲ್ಲೆಗೆ ಹೊರಟಿದ್ದೇವೆ ಎಂದಾಗ ಮೈಸೂರಿನ ಗೆಳೆಯರು ಹುಬ್ಬೇರಿಸಿದರು. ಆದರೆ ಕೃಷ್ಣರಾಜಸಾಗರದ ಕಟ್ಟೆಯ ಕೆಲಸ ಆರಂಭವಾದದ್ದೇ 1911ರಲ್ಲಿ. ಈಗ ವಿಶ್ವೇಶ್ವರಯ್ಯ ನಾಲೆ ಎಂದು ಕರೆಯುವ ನಾಲೆಯ ನೀರು ಹೊಲಗಳಿಗೆ ಹರಿದದ್ದು 1930ರ ದಶಕದಲ್ಲಿ. ಅದಕ್ಕೆ ಮೊದಲು ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಗಳ ಬಹುಭಾಗ ಮಳೆಯನ್ನೇ ನೆಚ್ಚಿ ರಾಗಿ, ಹುರುಳಿ, ಎಳ್ಳು ಬೆಳೆಯುತ್ತಿದ್ದ ಖುಷ್ಕಿ ನೆಲವಾಗಿತ್ತು. ಜಿಲ್ಲೆಯ ವಾರ್ಷಿಕ ಮಳೆ ಇಂದಿಗೂ ಸರಾಸರಿ 700 ಮಿಲಿಮೀಟರಿನ ಆಸುಪಾಸಿನಲ್ಲಿಯೇ ಇದ್ದು, ನಾಲೆ ತಲುಪದ ನಾಗಮಂಗಲ ಮತ್ತು ಮೇಲುಕೋಟೆಯ ಮಗ್ಗುಲಿನಲ್ಲಿ ಮಾರ್ಚ್ ತಿಂಗಳ ನೆಲವನ್ನು ನೋಡಿದವರು ಇದನ್ನು ನೀರಾವರಿ ಜಿಲ್ಲೆ ಎನ್ನಲಾರರು. ಆ ಹಳೆಯ ಒಣನೆಲದ ಕುರಿಗಳು ಏನಾದವು, ಅವುಗಳ ಗಟ್ಟಿತನವನ್ನು ಈಗ ಯಾರು ಕಾಪಾಡುತ್ತಿದ್ದಾರೆ ಎಂದು ತಿಳಿಯುವುದಷ್ಟೇ ನಮ್ಮ ಪ್ರವಾಸದ ಉದ್ದೇಶವಾಗಿತ್ತು. ಜೊತೆಗೆ ಬಂದವರು ಇದೇ ಜಿಲ್ಲೆಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ ನಿವೃತ್ತರಾದ ಪಶುವೈದ್ಯರೊಬ್ಬರು. ದಾರಿಯುದ್ದಕ್ಕೂ ಊರಿನವರು ಅವರನ್ನು ಗುರುತು ಹಿಡಿದು ‘ಡಾಕ್ಟ್ರೇ’ ಎಂದು ಕೂಗುತ್ತಿದ್ದುದರಿಂದ ನಾನೂ ಹಾಗೆಯೇ ಕರೆಯುತ್ತಾ ಬಂದೆ.

ಮೈಸೂರಿನಿಂದ ಬನ್ನೂರಿಗೆ ಒಂದು ಗಂಟೆಯೊಳಗಿನ ದಾರಿ. ಬನ್ನೂರು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿಗೆ ಸೇರಿದ್ದು, ಬಂಡೂರು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿಗೆ ಸೇರಿದ್ದು. ತಳಿ ರೂಪುಗೊಂಡ ಊರಿನಿಂದ ಬಂಡೂರು ಕುರಿಯೆಂದೂ, ಮಾರಾಟವಾಗುತ್ತಿದ್ದ ಪೇಟೆಯಿಂದ ಬನ್ನೂರು ಕುರಿಯೆಂದೂ, ಸರ್ಕಾರಿ ದಾಖಲೆಗಳಲ್ಲಿ ಮಂಡ್ಯ ತಳಿಯೆಂದೂ ಕರೆಸಿಕೊಳ್ಳುವುದು ಒಂದೇ ಕುರಿ. ಬನ್ನೂರಿನಲ್ಲಿ ಹೆಚ್ಚು ಹೊತ್ತು ನಿಲ್ಲದೆ, ಅದೇ ರಸ್ತೆಯಲ್ಲಿ ಮುಂದೆ ಸಿಗುವ ಕಿರುಗಾವಲಿಗೆ ಹೋದೆವು. ಯುಗಾದಿ ಹತ್ತಿರ ಬಂದಿತ್ತು. ಹಬ್ಬದ ಮರುದಿನದ ಹೊಸತೊಡಕಿಗೆ ಮರಿ ಕೊಳ್ಳಲು ಬೆಂಗಳೂರಿನಿಂದಲೂ ಜನ ಬಂದಿದ್ದರು. ಟೆಂಪೋಗಳ ಸಾಲು ರಸ್ತೆಯ ಎರಡೂ ಬದಿಯಲ್ಲಿ ನಿಂತಿತ್ತು.

ಬಂಡೂರು ಟಗರನ್ನು ಹಿಂದಿನಿಂದ ನೋಡಬೇಕು ಎಂದು ಡಾಕ್ಟರು ಮೊದಲೇ ಹೇಳಿದ್ದರು. ತೊಡೆಗಳು ತುಂಬಿ, ಸೊಂಟ ಅಗಲವಾಗಿ, ಎರಡು ಕಾಲುಗಳ ನಡುವಿನ ಜಾಗ ತಲೆಕೆಳಗಾದ ‘ಯು’ ಅಕ್ಷರದ ಆಕಾರದಲ್ಲಿ ಕಾಣುತ್ತದೆ. ಕಾಲು ಗಿಡ್ಡ, ಮೈ ಗುಂಡು, ಬಣ್ಣ ಬಿಳಿ. ಮುಖ ತಿಳಿ ಕಂದು. ಕೆಲವಲ್ಲಿ ಆ ಕಂದು ಕುತ್ತಿಗೆಯವರೆಗೂ ಇಳಿದಿರುತ್ತದೆ. ಗಂಡಿಗಾಗಲಿ ಹೆಣ್ಣಿಗಾಗಲಿ ಕೊಂಬಿಲ್ಲ. ಕಿವಿ ಉದ್ದವಾಗಿ ಜೋತುಬಿದ್ದಿರುತ್ತದೆ, ಬಾಲ ಸಣ್ಣದು, ಹಲವು ಕುರಿಗಳ ಕೊರಳ ಕೆಳಗೆ ಚರ್ಮದ ಪುಟ್ಟ ಜೋಲುಗಳು ಎರಡು ತೂಗುತ್ತಿರುತ್ತವೆ. ಮೈಮೇಲಿರುವುದು ಕಂಬಳಿಗೆ ಒದಗುವ ಉಣ್ಣೆಯಲ್ಲ, ಒರಟು ಕೂದಲು. ಬೆಳೆದ ಟಗರು ಸುಮಾರು 35 ಕಿಲೋ, ಹೆಣ್ಣು ಸುಮಾರು 25 ಕಿಲೋ ತೂಗುತ್ತದೆ. ತೂಕದ ಲೆಕ್ಕದಲ್ಲಿ ಇದು ದೊಡ್ಡ ಕುರಿಯಲ್ಲ. ಮಾಂಸಖಂಡಗಳ ನಡುವೆ ಕೊಬ್ಬು ನವಿರಾಗಿ ಹರಡಿಕೊಳ್ಳುವ ಗುಣದಿಂದ ಮಾಂಸ ಮೆತ್ತಗಿದ್ದು, ಅದರ ರುಚಿಯೇ ಈ ತಳಿಗೆ ಹೆಸರು ತಂದುಕೊಟ್ಟಿದೆ. ಒಳ್ಳೆಯ ಟಗರಿಗೆ ಲಕ್ಷ ರೂಪಾಯಿ ಮೀರಿ ಬೆಲೆ ಬಂದ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ.

ಸಂತೆಯಲ್ಲಿ ಕೊಳ್ಳುವವರು ಮೊದಲು ಬಾಯಿ ಬಿಡಿಸಿ ಹಲ್ಲು ನೋಡುತ್ತಾರೆ. ಹಾಲುಹಲ್ಲೇ ಇದ್ದರೆ ವರ್ಷ ತುಂಬಿರುವುದಿಲ್ಲ. ಎರಡು ಹಲ್ಲು ಬಿದ್ದು ದೊಡ್ಡ ಹಲ್ಲು ಮೂಡಿದ್ದರೆ ವರ್ಷ ದಾಟಿ ಒಂದೂವರೆಯ ಕಡೆಗೆ ಸಾಗಿದೆ ಎಂದರ್ಥ. ಆಮೇಲೆ ಬೆನ್ನುಮೂಳೆಯ ಅಕ್ಕಪಕ್ಕ ಬೆರಳೊತ್ತಿ ಮಾಂಸದ ತುಂಬುವಿಕೆಯನ್ನು ಅಳೆಯುತ್ತಾರೆ. ದಲ್ಲಾಳಿಗಳು ಟವೆಲಿನ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಇದನ್ನೆಲ್ಲ ನೋಡುತ್ತಾ ನಿಂತಾಗ ಡಾಕ್ಟರು ಮೆಲ್ಲಗೆ ಹೇಳಿದ ಒಂದು ಮಾತು ಮುಂದಿನ ದಿನಗಳಲ್ಲೆಲ್ಲ ನನ್ನ ಜೊತೆಗೇ ಬಂತು: “ಇಲ್ಲಿ ಮಾರಾಟವಾದ ಅತ್ಯುತ್ತಮ ಟಗರುಮರಿ ಯಾವುದೂ ಒಂದು ಕುರಿಯನ್ನೂ ಕೂಡಿರುವುದಿಲ್ಲ.” ರುಚಿಗೆಂದು ಅತಿ ಹೆಚ್ಚು ಬೆಲೆ ಬರುವ ಮರಿ ಹಾಲುಹಲ್ಲಿನಲ್ಲೇ ಕತ್ತಿಗೆ ಹೋಗುತ್ತದೆ; ಯಾರೂ ಕೇಳದ ಮರಿ ಹಟ್ಟಿಯಲ್ಲಿ ಉಳಿದು ಮುಂದಿನ ಪೀಳಿಗೆಗೆ ತಂದೆಯಾಗುತ್ತದೆ. ತಳಿಯ ಕೀರ್ತಿಯೇ ಹೀಗೆ ತಳಿಯನ್ನು ಸವೆಸುತ್ತಿರುವುದನ್ನು ಕಣ್ಣಾರೆ ಕಂಡಮೇಲೆ ಸಂತೆಯ ಗದ್ದಲ ನನಗೆ ಸಂಭ್ರಮವಾಗಿ ಕಾಣಲಿಲ್ಲ. ಆ ರಾತ್ರಿ ಮಳವಳ್ಳಿಯಲ್ಲಿ ತಂಗಿದೆವು.

ಎರಡನೆಯ ದಿನ: ಮಳವಳ್ಳಿ ಸೀಮೆ

ಬೆಳಗಿನ ಹೊತ್ತು ಧನಗೂರಿನ ಕುರಿ ಸಂವರ್ಧನಾ ಕೇಂದ್ರದ ಕಡೆ ಹೋಗಿ, ಬಂಡೂರು ತಳಿಯನ್ನು ಶುದ್ಧವಾಗಿ ಉಳಿಸಿ ಬೆಳೆಸಲು ನಡೆಯುತ್ತಿರುವ ಕೆಲಸವನ್ನು ಸ್ವಲ್ಪ ನೋಡಿದೆವು. ಸಂಖ್ಯೆಯ ಓಲೆ ತೊಟ್ಟ ಕಿವಿಗಳು ಮತ್ತು ಹುಟ್ಟು, ತೂಕ, ತಾಯಿ, ತಂದೆ ಎಂದು ಬರೆದಿಡುವ ದಪ್ಪ ಪುಸ್ತಕಗಳು ಇಂಥ ಕೇಂದ್ರಗಳ ಜೀವಾಳ. ಒಂದು ಟಗರು ಇಪ್ಪತ್ತೈದರಿಂದ ಮೂವತ್ತು ಕುರಿಗಳಿಗೆ ಸಾಕಾಗುವುದರಿಂದ, ಒಂದು ಒಳ್ಳೆಯ ಟಗರನ್ನು ಹಳ್ಳಿಗೆ ಕೊಟ್ಟರೆ ಮುಂದಿನ ವರ್ಷ ಹುಟ್ಟುವ ಅಷ್ಟೂ ಮರಿಗಳಲ್ಲಿ ಅದರ ಅರ್ಧ ಪಾಲು ಇರುತ್ತದೆ. ಕೆಟ್ಟ ಟಗರಿಗೂ ಇದೇ ಲೆಕ್ಕ.

ಆದರೆ ನಾನು ಹೆಚ್ಚು ಕಲಿತದ್ದು ಮಧ್ಯಾಹ್ನ, ಬಂಡೂರಿನ ಆಸುಪಾಸಿನ ಹಳ್ಳಿಯೊಂದರ ಮನೆಯ ಹಿತ್ತಿಲಿನಲ್ಲಿ. ಆ ಮನೆಯ ಹಿರಿಯಾಕೆ ಏಳೆಂಟು ಕುರಿ ಸಾಕಿದ್ದರು. ಜೊತೆಗೆ ರೇಷ್ಮೆ ಸಾಕಣೆಯೂ ಇದ್ದುದರಿಂದ ಹುಳು ತಿಂದು ಬಿಟ್ಟ ಹಿಪ್ಪುನೇರಳೆಯ ಕಡ್ಡಿ, ಸೊಪ್ಪು ನೇರವಾಗಿ ಕುರಿಗಳ ಮುಂದೆ ಬೀಳುತ್ತಿತ್ತು. ಬೆಳಿಗ್ಗೆ ಬೀಳುಬಿಟ್ಟ ಹೊಲಗಳಲ್ಲಿ ಮೇಯಿಸಿ, ಬಿಸಿಲೇರಿದಮೇಲೆ ಕಟ್ಟಿ, ಸಂಜೆ ಅವರೆ ಹೊಟ್ಟು, ಹುರುಳಿ ಹೊಟ್ಟು, ಅಗಸೆ ಸೊಪ್ಪು ಕೊಡುವುದು ಆಕೆಯ ಕ್ರಮ. ಒಂದೊಂದು ಕುರಿಯ ಅಜ್ಜಿಯ ಕಥೆಯನ್ನೂ ಆಕೆ ಹೇಳಬಲ್ಲವರಾಗಿದ್ದರು: ಯಾವುದು ಹಾಲು ಚೆನ್ನಾಗಿ ಬಿಟ್ಟು ಮರಿಯನ್ನು ದಪ್ಪ ಮಾಡುತ್ತದೆ, ಯಾವುದು ಮರಿ ಹಾಕಿ ಬಿಟ್ಟು ಹೋಗುತ್ತದೆ, ಯಾವುದು ಮೂರು ವರ್ಷ ತಪ್ಪದೆ ಈದಿದೆ ಎಂಬುದೆಲ್ಲ ಬಾಯಲ್ಲೇ ಇತ್ತು. ಹಾಗಾದರೆ ಆ ಮೂರು ವರ್ಷ ತಪ್ಪದೆ ಈದ ಕುರಿಯ ಗಂಡುಮರಿಯನ್ನು ಏಕೆ ಇಟ್ಟುಕೊಳ್ಳಲಿಲ್ಲ ಎಂದು ಡಾಕ್ಟರು ಕೇಳಿದಾಗ ಬಂದ ಉತ್ತರ ನೇರವಾಗಿತ್ತು.

“ಟಗರ ಮಾರ್ದೆ ಮಡಿಕಂಡ್ರೆ ವರ್ಷೊಪ್ಪತ್ತು ಅದ್ರ ಮೇವು ಯಾರು ಕೊಟ್ಟಾರು ಕಣಪ್ಪಾ? ಹೊಸತೊಡ್ಕಿಗೆ ಕೊಟ್ರೆ ದುಡ್ಡು ಕೈಗೆ ಬಂತು, ಮಗೀನ ಫೀಜು ಕಟ್ದಂಗಾಯ್ತು.”

ಇದರಲ್ಲಿ ತಪ್ಪು ಹುಡುಕುವ ಹಕ್ಕು ನಮಗಿಲ್ಲ. ಏಳೆಂಟು ಕುರಿಯಿರುವ ಮನೆಗೆ ಒಂದು ಟಗರನ್ನು ಸಾಕುವುದು ನಷ್ಟದ ಬಾಬತ್ತು. ಆದ್ದರಿಂದ ಹಾದುಹೋಗುವ ಯಾವುದೋ ಮಂದೆಯ ಯಾವುದೋ ಟಗರು ಕೂಡುತ್ತದೆ. ಹುಟ್ಟಿದ ಬೆರಕೆ ಮರಿ ಬಿಳಿಯಾಗಿ, ಮುಖ ಕಂದಾಗಿ ಇದ್ದರೆ ಬಂಡೂರು ಎಂಬ ಹೆಸರಿನಲ್ಲೇ ಮಾರಾಟವಾಗುತ್ತದೆ. ಡಾಕ್ಟರು ಅಂಗಳದಲ್ಲೇ ಕುಳಿತು ಲೆಕ್ಕ ಹಾಕಿದರು. ಆ ಬೀದಿಯ ನಾಲ್ಕು ಮನೆಗಳ ಕುರಿಗಳನ್ನು ಕೂಡಿಸಿದರೆ ಹೆಚ್ಚುಕಡಿಮೆ ಒಂದು ಟಗರಿನ ಕೆಲಸಕ್ಕೆ ಬೇಕಾದಷ್ಟೇ ಆಗುತ್ತದೆ. ನಾಲ್ಕು ಮನೆಯವರೂ ಸೇರಿ ಆ ಒಳ್ಳೆಯ ತಾಯಿಯ ಮರಿಗೆ ಸಂತೆಯ ಬೆಲೆಯನ್ನು ಈಗಲೇ ಆಕೆಗೆ ಕೊಟ್ಟು, ಸರದಿಯ ಮೇಲೆ ಮೇವು ಹಾಕಿ, ಎರಡು ವರ್ಷ ಬೀಜಕ್ಕೆ ಬಳಸಿ, ಆಮೇಲೆ ಪಕ್ಕದ ಊರಿನ ಇಂಥದೇ ಟಗರಿನೊಂದಿಗೆ ಅದಲುಬದಲು ಮಾಡಿಕೊಳ್ಳಬಹುದು. ಎರಡು ವರ್ಷ ದಾಟಿದರೆ ಟಗರು ತನ್ನ ಹೆಣ್ಣುಮಕ್ಕಳನ್ನೇ ಕೂಡತೊಡಗಿ, ಮರಿಗಳು ಸಣ್ಣಗಾಗುವ, ಸಾಯುವ ತೊಂದರೆ ಶುರುವಾಗುತ್ತದೆ. ಹಾಗಾಗಿ ಬದಲಾವಣೆ ಅಗತ್ಯ. ಆಕೆ ಎಲ್ಲವನ್ನೂ ಕೇಳಿಸಿಕೊಂಡು, ಮನೆಮನೆಯವರನ್ನು ವಿಚಾರಿಸಿ ಹೇಳುತ್ತೇನೆಂದರು.

ಸಂಜೆ ನಾಲೆಯ ಏರಿಯ ಮೇಲೆ ನಡೆಯುವಾಗ ನನಗೆ ಹೊಳೆಯದೇ ಇದ್ದ ಇನ್ನೊಂದು ವಿಷಯ ತಿಳಿಯಿತು. ಹಸಿರು ಹುಲ್ಲು ಮೊಣಕಾಲೆತ್ತರ ಬೆಳೆದಿದ್ದರೂ ಕುರಿ ಅಟ್ಟಿಕೊಂಡು ಹೋಗುತ್ತಿದ್ದ ಹುಡುಗ ಏರಿಯ ಒಣ ಮಗ್ಗುಲಿನಲ್ಲೇ ಅವನ್ನು ನಡೆಸುತ್ತಿದ್ದ. ಒಣನಾಡಿನ ಕುರಿಗೆ ನೀರಾವರಿ ನೆಲ ಸ್ವರ್ಗವಲ್ಲ, ಅನೇಕ ವೇಳೆ ಅಪಾಯದ ಜಾಗ ಎಂದು ಡಾಕ್ಟರು ವಿವರಿಸಿದರು. ನಿಂತ ನೀರಿನ ಅಂಚಿನಲ್ಲಿ ಬದುಕುವ ಸಣ್ಣ ಬಸವನಹುಳುಗಳ ದೇಹದಲ್ಲಿ ಯಕೃತ್ತಿನ ಚಪ್ಪಟೆಹುಳುವಿನ ಮರಿಗಳು ಬೆಳೆಯುತ್ತವೆ. ಅಲ್ಲಿಂದ ಹೊರಬಂದು ಹುಲ್ಲಿನ ಎಸಳಿಗೆ ಅಂಟಿಕೊಂಡು, ಕುರಿ ಮೇಯ್ದಾಗ ಹೊಟ್ಟೆ ಸೇರಿ ಯಕೃತ್ತನ್ನು ಕೊರೆಯುತ್ತವೆ. ಜಠರದಲ್ಲಿ ನೆಲೆಸಿ ರಕ್ತ ಹೀರುವ ಜಂತುಹುಳುವಿನ ಮರಿಗಳೂ ತೇವದ ಹುಲ್ಲಿನ ಮೇಲೆ, ಇಬ್ಬನಿ ಆರದ ಬೆಳಗಿನಲ್ಲಿ ಹೆಚ್ಚಾಗಿರುತ್ತವೆ. ಕೆಸರಿನಲ್ಲಿ ನಿಂತರೆ ಗೊರಸಿನ ಸಂದು ಮೆತ್ತಗಾಗಿ ಕೊಳೆತು ಕುಂಟು ಬರುತ್ತದೆ. ಶುಷ್ಕ ಹವೆಯಲ್ಲಿ ಈ ಮೂರೂ ವೈರಿಗಳು ತಾವಾಗಿಯೇ ಕುಗ್ಗುತ್ತವೆ. ನೀರಿನ ಅಭಾವವನ್ನು ಗೆದ್ದ ಕುರಿಗೆ ನೀರಿನ ಸಮೃದ್ಧಿಯನ್ನು ಗೆಲ್ಲುವ ತಯಾರಿ ಇರುವುದಿಲ್ಲ. ಆ ತಯಾರಿ ಬೇರೆಯೇ ನಾಡಿನ ತಳಿಗಳಲ್ಲಿದೆ. ಬಂಗಾಳದ ಸುಂದರಬನದ ಜೌಗಿನಲ್ಲಿ ಬೆಳೆದ ಗರೋಲ್ ಎಂಬ ಪುಟ್ಟ ಕುರಿ ಕೆಸರಿನಲ್ಲಿ ನಿಂತು ಮೇಯುತ್ತದೆ, ಜಂತುಹುಳುವನ್ನು ಚೆನ್ನಾಗಿ ತಡೆದುಕೊಳ್ಳುತ್ತದೆ, ಅವಳಿ ಮರಿಗಳನ್ನು ಸಾಮಾನ್ಯವಾಗಿಯೇ ಹಾಕುತ್ತದೆ. ಆದ್ದರಿಂದ ಗಟ್ಟಿ ತಳಿ ಯಾವುದು ಎಂದು ಕೇಳುವ ಮುಂಚೆ ಯಾವ ನೆಲದಲ್ಲಿ ಎಂದು ಕೇಳಬೇಕು.

ಮೂರನೆಯ ದಿನ: ಮೇಲುಕೋಟೆ, ನಾಗಮಂಗಲದ ಮಗ್ಗುಲು

ಮಂಡ್ಯ ದಾಟಿ ಮೇಲುಕೋಟೆಯ ಕಡೆ ತಿರುಗಿದಂತೆ ಕಬ್ಬಿನ ಗದ್ದೆಗಳು ಹಿಂದೆ ಉಳಿದು, ಕಲ್ಲುಬಂಡೆ, ಕುರುಚಲು, ಬೋಳು ರಾಗಿಹೊಲಗಳು ಎದುರಾದವು. ಮೇಲುಕೋಟೆಯ ಸುತ್ತಲ ಸುಮಾರು 50 ಚದರ ಕಿಲೋಮೀಟರ್ ಕಾಡನ್ನು 1974ರಲ್ಲಿ ವನ್ಯಧಾಮವೆಂದು ಘೋಷಿಸಿದ್ದು ಮುಖ್ಯವಾಗಿ ತೋಳಗಳ ರಕ್ಷಣೆಗಾಗಿ. ಕುರಿಯ ಬಗ್ಗೆ ಬರೆಯುವಾಗ ತೋಳವನ್ನು ಬಿಟ್ಟು ಬರೆಯಲಾಗದು. ಜಿಂಕೆ, ಕೃಷ್ಣಮೃಗಗಳು ಕಡಿಮೆಯಾದ ಬಯಲುಗಳಲ್ಲಿ ತೋಳ ಬದುಕುವುದು ಬಹುಮಟ್ಟಿಗೆ ಕುರಿಮಂದೆಯ ಮೇಲೆ. ಮಂದೆಯಲ್ಲಿ ಹಿಂದೆ ಬೀಳುವ, ಕುಂಟುವ, ಗುಂಪು ಬಿಟ್ಟು ಅಡ್ಡಾಡುವ ಕುರಿ ಮೊದಲು ಹೋಗುತ್ತದೆ. ಒಗ್ಗೂಡಿ ನಡೆಯುವ ಸ್ವಭಾವ, ಹುಟ್ಟಿದ ಕೆಲವೇ ಗಂಟೆಗಳಲ್ಲಿ ತಾಯಿಯ ಬೆನ್ನು ಹಿಡಿಯುವ ಮರಿಯ ಚುರುಕು, ಉದ್ದ ಕಾಲು, ಇವೆಲ್ಲ ಶತಮಾನಗಳ ಕಾಲ ಒಣಬಯಲಿನ ಕುರಿಗಳಲ್ಲಿ ಉಳಿದು ಬಂದಿರುವುದಕ್ಕೆ ಬರಗಾಲದಷ್ಟೇ ತೋಳವೂ ಕಾರಣ. ಬಂಡೂರಿನ ಗಿಡ್ಡ ಕಾಲಿನ ಗುಂಡು ಕುರಿ ಈ ಬಯಲಿನಲ್ಲಿ ದಿನವಿಡೀ ನಡೆಯಲಾರದು. ಅದು ಮನೆಯ ಸುತ್ತಿನ ಖುಷ್ಕಿಯಲ್ಲಿ, ಹೆಂಗಸರ ಕೈಯಾಸರೆಯಲ್ಲಿ, ಒಣ ಹೊಟ್ಟು ತಿಂದು ಮೈತುಂಬಿಕೊಳ್ಳುವ ದಾರಿಯನ್ನು ಹಿಡಿದ ತಳಿ. ಎರಡೂ ಒಣನೆಲದ ಕುರಿಗಳೇ, ಆದರೆ ಬದುಕಿನ ಬಗೆ ಬೇರೆ.

ನಾಗಮಂಗಲದ ಕಡೆಗೆ ಹೋಗುವ ದಾರಿಯಲ್ಲಿ, ಹೊಲವೊಂದರಲ್ಲಿ ಬೀಡುಬಿಟ್ಟಿದ್ದ ಮಂದೆ ಸಿಕ್ಕಿತು. ಅವರು ಹಿರಿಯೂರು ಮಗ್ಗುಲಿನ ಕುರುಬರು. ಹಿಂಗಾರಿನ ಮೇವು ಮುಗಿದಮೇಲೆ ದಕ್ಷಿಣಕ್ಕೆ ನಡೆದುಬಂದು, ಕೊಯ್ಲಾದ ಹೊಲ, ಗದ್ದೆಗಳಲ್ಲಿ ಕೂಳೆ ಮೇಯಿಸುತ್ತಾ, ಮುಂಗಾರು ಹನಿಯುವ ಹೊತ್ತಿಗೆ ಊರಿನ ಕಡೆ ಹಿಂತಿರುಗುತ್ತಾರೆ. ರಾತ್ರಿ ಮಂದೆಯನ್ನು ಯಾರ ಹೊಲದಲ್ಲಿ ನಿಲ್ಲಿಸುತ್ತಾರೋ ಆ ಹೊಲಕ್ಕೆ ಹಿಕ್ಕೆ ಮತ್ತು ಗಂಜಳದ ಗೊಬ್ಬರ ಸಿಗುತ್ತದೆ, ಕುರಿಗಾಹಿಗಳಿಗೆ ರಾಗಿಯೋ ದುಡ್ಡೋ ಸಿಗುತ್ತದೆ. ಮಂದೆಯಲ್ಲಿ ಉಣ್ಣೆಯ ಕಪ್ಪು ಡೆಕ್ಕನಿ ತಳಿಯ ಲಕ್ಷಣದವು, ಕಪ್ಪು ಬಿಳಿ ಬೆರೆತ ಬಳ್ಳಾರಿ ತಳಿಯ ಲಕ್ಷಣದವು, ನಡುನಡುವೆ ಕೆಲವು ಕೆಂದು ಬಣ್ಣದ ಕೆಂಗುರಿಗಳೂ ಇದ್ದವು. ಕೆಂಗುರಿಯ ತವರು ರಾಯಚೂರು, ಕೊಪ್ಪಳದ ಬಿಸಿಲು, ಬಂಡೂರಿನಂತೆ ಅದಕ್ಕೂ ಉಣ್ಣೆಯಿಲ್ಲ. ಅಲ್ಲಿಂದ ಪಶ್ಚಿಮಕ್ಕೆ ಬಾಗಲಕೋಟೆ ಸೀಮೆಯಲ್ಲಿ ಎತ್ತರದ ಯಳಗ ತಳಿ ಇದೆ. ಹಾಸನದ ಕಡೆ ಸಣ್ಣ ಮೈಯ ಹಾಸನ ತಳಿ. 2019ರ ಜಾನುವಾರು ಗಣತಿಯಲ್ಲಿ ದೇಶದ ಸುಮಾರು 7.4 ಕೋಟಿ ಕುರಿಗಳ ಪೈಕಿ ಕರ್ನಾಟಕದಲ್ಲಿ ಸುಮಾರು 1.1 ಕೋಟಿ ಇದ್ದವು. ತೆಲಂಗಾಣ, ಆಂಧ್ರಪ್ರದೇಶಗಳ ನಂತರದ ಸ್ಥಾನ ನಮ್ಮದು. ಇವುಗಳಲ್ಲಿ ಅನೇಕವು ಇಂಥ ನಡೆಯುವ ಮಂದೆಗಳಲ್ಲಿವೆ ಎಂಬುದನ್ನು ಕುರಿಯ ಯೋಜನೆಗಳನ್ನು ಬರೆಯುವವರು ಸದಾ ನೆನಪಿಡಬೇಕೆಂದು ನನಗನ್ನಿಸುತ್ತದೆ.

ನಡುಮಧ್ಯಾಹ್ನ ಮೇಯುವುದು ನಿಂತಿತು. ಮರದ ನೆರಳು ಸಾಲದೆ ಕುರಿಗಳು ಒಂದಕ್ಕೊಂದು ಒತ್ತಿ ನಿಂತು, ತಲೆಯನ್ನು ಪಕ್ಕದ ಕುರಿಯ ಹೊಟ್ಟೆಯಡಿಗೆ ತೂರಿಸಿದವು. ಬಿಸಿಲಿನಲ್ಲಿ ಗುಂಪುಗೂಡಿದರೆ ಸೆಕೆ ಹೆಚ್ಚಾಗುವುದಿಲ್ಲವೇ ಎಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ಬಯಲಿನ ಬಿಸಿಲಿನಲ್ಲಿ ಶಾಖದ ಹೊರೆ ಬರುವುದು ಬಹುಮಟ್ಟಿಗೆ ಸೂರ್ಯನ ಕಿರಣಗಳಿಂದ ಮತ್ತು ಕಾದ ನೆಲದಿಂದ. ಒತ್ತಿ ನಿಂತಾಗ ಕಿರಣಗಳಿಗೆ ಸಿಗುವ ಮೈ ಕಡಿಮೆಯಾಗುತ್ತದೆ, ತಲೆಗೆ ನೆರಳು ಸಿಗುತ್ತದೆ. ಡಾಕ್ಟರು ಗಡಿಯಾರ ಹಿಡಿದು ಒಂದು ಕುರಿಯ ಪಕ್ಕೆಯ ಏರಿಳಿತವನ್ನು ಎಣಿಸಲು ಹೇಳಿಕೊಟ್ಟರು. ನೆಮ್ಮದಿಯಲ್ಲಿರುವ ಕುರಿ ನಿಮಿಷಕ್ಕೆ ಇಪ್ಪತ್ತು ಮೂವತ್ತು ಬಾರಿ ಉಸಿರಾಡುತ್ತದೆ. ಸೆಕೆ ಏರಿದಂತೆ ಅದು ನೂರನ್ನು ದಾಟಿ ಇನ್ನೂರರವರೆಗೂ ಹೋಗುತ್ತದೆ. ಕುರಿ ಬೆವರುವುದು ಬಹಳ ಕಡಿಮೆ. ಮೂಗು, ಬಾಯಿ, ಶ್ವಾಸನಾಳದ ತೇವ ಆರುವುದರಿಂದಲೇ ಅದರ ರಕ್ತ ತಂಪಾಗುತ್ತದೆ. ಮೂಗಿನಲ್ಲಿ ತಂಪಾಗಿ ಹಿಂದಿರುಗುವ ರಕ್ತ ಮಿದುಳಿಗೆ ಹೋಗುವ ಬಿಸಿ ರಕ್ತನಾಳಗಳ ಜಾಲವನ್ನು ಸುತ್ತುವರಿದು ಹಾಯುವುದರಿಂದ, ಮೈಯ ತಾಪ ಸಾಮಾನ್ಯವಾದ 39 ಡಿಗ್ರಿ ಸೆಲ್ಸಿಯಸನ್ನು ಮೀರಿದಾಗಲೂ ಮಿದುಳು ತುಸು ತಂಪಾಗಿಯೇ ಉಳಿಯುತ್ತದೆ. ಒಂದೇ ಮಂದೆಯಲ್ಲಿ, ಒಂದೇ ಬಿಸಿಲಿನಲ್ಲಿ ನಿಂತ ಕುರಿಗಳ ಉಸಿರಿನ ಎಣಿಕೆ ಬೇರೆಬೇರೆಯಾಗಿತ್ತು. ಕಡಿಮೆ ಉಸಿರಿನಲ್ಲಿ ಸೆಕೆ ತಡೆದುಕೊಳ್ಳುವ ಕುರಿಯನ್ನು ಗುರುತಿಸಲು ಯಾವ ಯಂತ್ರವೂ ಬೇಕಿಲ್ಲ ಎಂಬುದು ನನಗೆ ಬಹಳ ಹಿಡಿಸಿತು.

ಉಣ್ಣೆಯ ವಿಷಯವೂ ಅಷ್ಟೇ ಕುತೂಹಲದ್ದು. ದಪ್ಪ ಉಣ್ಣೆ ಹೊದ್ದ ಡೆಕ್ಕನಿ ಬಿಸಿಲಿನಲ್ಲಿ ಬೇಯುವುದಿಲ್ಲವೇ? ಬಿಸಿಲಿಗೆ ಕಾಯುವುದು ಉಣ್ಣೆಯ ತುದಿ. ಅದರೊಳಗೆ ಸಿಕ್ಕಿಕೊಂಡ ಗಾಳಿ ಆ ಕಾವನ್ನು ಚರ್ಮದವರೆಗೆ ಇಳಿಯಲು ಬಿಡುವುದಿಲ್ಲ. ಒರಟು, ಬಿಡಿಬಿಡಿಯಾದ ಉಣ್ಣೆಯಲ್ಲಿ ಗಾಳಿಯಾಡುವುದರಿಂದ ಚರ್ಮದ ತೇವವೂ ಆರುತ್ತದೆ, ರಾತ್ರಿಯ ಚಳಿಗೂ ರಕ್ಷಣೆಯಾಗುತ್ತದೆ. ನವಿರಾದ, ದಟ್ಟವಾದ ವಿದೇಶಿ ಉಣ್ಣೆ ಮಳೆಗೆ ನೆನೆದರೆ ಆರುವುದು ಕಷ್ಟ, ಅದಕ್ಕೆ ಮುಳ್ಳು ಸಿಕ್ಕಿಕೊಳ್ಳುವುದೂ ಹೆಚ್ಚು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಕಾಲದಿಂದಲೇ ನವಿರು ಉಣ್ಣೆಯ ವಿದೇಶಿ ತಳಿಯಾದ ಮೆರಿನೊ ಟಗರುಗಳನ್ನು ತರಿಸಿ ಇಲ್ಲಿನ ಕುರಿಯ ಉಣ್ಣೆಯನ್ನು ಸುಧಾರಿಸುವ ಪ್ರಯತ್ನ ನಡೆದಿತ್ತು. ಆದರೂ ಈ ಸೀಮೆಯ ಮಂದೆಗಳು ಇಂದಿಗೂ ಊರ ಕುರಿಯ ಮಂದೆಗಳಾಗಿಯೇ ಉಳಿದಿರುವುದನ್ನು ನೋಡಿದರೆ, ಬಯಲಿನ ತೀರ್ಪು ಏನೆಂದು ಊಹಿಸಬಹುದು.

ಸಂಜೆ ಕೆರೆಯ ತಳದಲ್ಲಿ ಉಳಿದಿದ್ದ ನೀರಿಗೆ ಮಂದೆಯನ್ನು ಇಳಿಸಿದರು. ದಿನಕ್ಕೆ ಅದೊಂದೇ ಬಾರಿ. ಕುರಿಯ ಜಠರದ ಮೊದಲ ಭಾಗವಾದ ದೊಡ್ಡಹೊಟ್ಟೆ ನೀರು ತುಂಬಿಟ್ಟ ಹಂಡೆಯ ಹಾಗೆ. ಒಮ್ಮೆ ಕುಡಿದ ನೀರನ್ನು ಅಲ್ಲಿಂದ ನಿಧಾನವಾಗಿ ರಕ್ತಕ್ಕೆ ಬಿಟ್ಟುಕೊಳ್ಳುತ್ತದೆ. ಮೂತ್ರಪಿಂಡ ಗಂಜಳವನ್ನು ಬಹಳ ಗಾಢಗೊಳಿಸುತ್ತದೆ, ಕರುಳಿನ ಕೊನೆಯ ಭಾಗ ಹಿಕ್ಕೆಯಲ್ಲಿನ ನೀರನ್ನು ಹೀರಿ ಗಟ್ಟಿ ಗುಳಿಗೆಗಳನ್ನಷ್ಟೇ ಹೊರಹಾಕುತ್ತದೆ. ಬಡ ಮೇವು ತಿನ್ನುವಾಗ, ಗಂಜಳದಲ್ಲಿ ಹೊರಹೋಗಬೇಕಾದ ಯೂರಿಯಾದ ಒಂದು ಪಾಲನ್ನು ಜೊಲ್ಲಿನ ಮೂಲಕ ಮತ್ತೆ ದೊಡ್ಡಹೊಟ್ಟೆಗೆ ಕಳುಹಿಸಿ, ಅಲ್ಲಿನ ಸೂಕ್ಷ್ಮಜೀವಿಗಳಿಂದ ಪ್ರೋಟೀನು ಮಾಡಿಸಿಕೊಳ್ಳುತ್ತದೆ. ರಾಜಸ್ಥಾನದ ಮರುಭೂಮಿಯ ಮಾರ್ವಾಡಿ, ಮಾಗ್ರಾ, ಜೈಸಲ್ಮೇರಿ ತಳಿಗಳಲ್ಲಿ ಈ ಸಾಮರ್ಥ್ಯ ಇನ್ನೂ ಮುಂದೆ ಹೋಗಿದೆ. ಎರಡು ದಿನಕ್ಕೊಮ್ಮೆ ನೀರು ಸಿಕ್ಕರೂ ಅವು ಮೇಯುವುದನ್ನು ಬಿಡುವುದಿಲ್ಲ. ಪಶ್ಚಿಮ ಏಷ್ಯಾದ ಅವಾಸ್ಸಿ, ಮಧ್ಯ ಏಷ್ಯಾದ ಕರಾಕುಲ್ ಕುರಿಗಳು ಕೊಬ್ಬಿನ ದೊಡ್ಡ ಪಾಲನ್ನು ಬಾಲದಲ್ಲಿ ಕೂಡಿಟ್ಟುಕೊಳ್ಳುತ್ತವೆ. ಕೊಬ್ಬು ಚರ್ಮದಡಿ ಎಲ್ಲೆಡೆ ಹರಡಿದರೆ ಮೈಯ ಶಾಖ ಹೊರಹೋಗದು; ಒಂದೇ ಕಡೆ ಇದ್ದರೆ ಉಳಿದ ಮೈ ತಂಪಾಗಲು ಅವಕಾಶವಾಗುತ್ತದೆ, ಬರಗಾಲದ ತಿಂಗಳುಗಳಿಗೆ ಬುತ್ತಿಯೂ ಆಗುತ್ತದೆ.

ರಾತ್ರಿ ಬಲೆ ಕಟ್ಟಿ ಮರಿಗಳನ್ನು ಒಳಗೆ ಬಿಟ್ಟಮೇಲೆ ಹಿರಿಯ ಕುರಿಗಾಹಿಯೊಡನೆ ಮಾತಿಗೆ ಕುಳಿತೆವು. ನಾಲೆಯ ಕಡೆ ಏಕೆ ಹೋಗಲಿಲ್ಲ ಎಂದು ಕೇಳಿದೆ. “ನೀರಿರೋ ಕಡೆ ಹುಲ್ಲು ಹಸುರಾಗಿರ್ತತೆ ಸಾಮಿ, ಹೊಟ್ಟೇಗೆ ಹುಳ ಬರಾದೂ ಅಲ್ಲಿಂದ್ಲೇ” ಎಂದರು. ಗದ್ದೆ ಪೂರ್ತಿ ಒಣಗಿ ಬಿರುಕು ಬಿಟ್ಟಮೇಲೆ ಮಾತ್ರ ಆ ಕಡೆ ಇಳಿಯುತ್ತಾರಂತೆ. ಟಗರನ್ನು ಹೇಗೆ ಆರಿಸುತ್ತೀರಿ ಎಂಬ ಡಾಕ್ಟರ ಪ್ರಶ್ನೆಗೆ ಅವರು ಟಗರಿನ ಮಾತನ್ನೇ ಎತ್ತಲಿಲ್ಲ. ಬರ ಬಿದ್ದ ವರ್ಷ ಮರಿಯನ್ನು ಉಳಿಸಿಕೊಂಡು, ತಾನೂ ಉಳಿದ ಕುರಿಗಳನ್ನು ಬೆರಳು ಮಡಚಿ ಎಣಿಸಿದರು. ಅಂಥ ಕುರಿಯ ಹೊಟ್ಟೆಯಲ್ಲಿ ಹುಟ್ಟಿದ ಗಂಡುಮರಿಯಲ್ಲಿ ಕಾಲು ನೇರವಿರುವ, ಗೊರಸು ಕಪ್ಪಿರುವ, ಹಿಂದೆ ಬೀಳದ ಮರಿಯನ್ನು ಬೀಜಕ್ಕೆ ಬಿಟ್ಟು, ಉಳಿದವನ್ನು ಮಾರುತ್ತಾರೆ ಅಥವಾ ಬೀಜ ಹಿಚುಕಿಸುತ್ತಾರೆ. ದಪ್ಪಗಿದೆ ಎಂಬ ಒಂದೇ ಕಾರಣಕ್ಕೆ ಯಾವ ಟಗರನ್ನೂ ಇಟ್ಟುಕೊಳ್ಳುವುದಿಲ್ಲ, ಏಕೆಂದರೆ ಒಳ್ಳೆಯ ವರ್ಷದಲ್ಲಿ ಎಲ್ಲ ಮರಿಗಳೂ ದಪ್ಪಗಿರುತ್ತವೆ. ಕಿರುಗಾವಲಿನಲ್ಲಿ ನಾವು ಕಂಡದ್ದಕ್ಕೆ ಇದು ಸರಿಯಾಗಿ ಎದುರುಬದುರು. ಅಲ್ಲಿ ಉತ್ತಮವಾದದ್ದು ಹೊರಹೋಗುತ್ತದೆ, ಇಲ್ಲಿ ಉತ್ತಮವಾದದ್ದು ಉಳಿಯುತ್ತದೆ. ಇದೇ ಕ್ರಮವನ್ನು ಹಿಡಿದಿರುವ ಮನೆತನಗಳಿಗೆ ಈಗಿನ ದೊಡ್ಡ ಚಿಂತೆ ಮೇವಿನ ದಾರಿಯದು: ಗೋಮಾಳಗಳು ಒತ್ತುವರಿಯಾಗಿ, ಬೇಲಿ ಬಿದ್ದು, ಹಿಂದೆ ಬೀಡುಬಿಡುತ್ತಿದ್ದ ಜಾಗಗಳು ಒಂದೊಂದಾಗಿ ಮುಚ್ಚಿಹೋಗಿವೆ. ನಡೆಯುವ ಕುರಿಗೆ ನಡೆಯಲು ನೆಲವೇ ಇಲ್ಲದಿದ್ದರೆ ಅದರ ಕಾಲಿನ ಗಟ್ಟಿತನ ಇನ್ನು ಯಾವ ಪೀಳಿಗೆಯವರೆಗೆ ಉಳಿದೀತು?

ನಾಲ್ಕನೆಯ ದಿನ: ತೆಂಡೇಕೆರೆ

ಬೆಳಗಿನ ಹೊತ್ತು ಮಂದೆಯ ಜೊತೆ ಸ್ವಲ್ಪ ದೂರ ನಡೆದು, ಅಲ್ಲಿಂದ ಕೃಷ್ಣರಾಜಪೇಟೆ ತಾಲ್ಲೂಕಿನ ತೆಂಡೇಕೆರೆಯ ಸಂತೆಗೆ ಬಂದೆವು. ಇದು ಕಿರುಗಾವಲಿಗಿಂತ ಬೇರೆ ಬಗೆಯದು. ಇಲ್ಲಿ ಕತ್ತಿಗೆ ಕೊಳ್ಳುವವರೊಂದಿಗೆ ಸಾಕಲು ಕೊಳ್ಳುವವರೂ ಬರುತ್ತಾರೆ. ಕೊಟ್ಟಿಗೆ ಕಟ್ಟಿ ಕುರಿ ಸಾಕಲು ಹೊರಟಿದ್ದ ಇಬ್ಬರು ಯುವಕರು ಡಾಕ್ಟರನ್ನು ಗುರುತಿಸಿ, ಡಾರ್ಪರ್ ಟಗರು ತಂದು ಊರ ಕುರಿಗೆ ಕೂಡಿಸುವುದು ಸರಿಯೇ ಎಂದು ಕೇಳಿದರು. ಡಾರ್ಪರ್ ದಕ್ಷಿಣ ಆಫ್ರಿಕಾದ ತಳಿ. 1930ರ ದಶಕದಿಂದೀಚೆಗೆ ಅಲ್ಲಿನ ಒಣನೆಲಕ್ಕಾಗಿ ಡಾರ್ಸೆಟ್ ಹಾರ್ನ್ ಮತ್ತು ಕಪ್ಪುತಲೆಯ ಪರ್ಷಿಯನ್ ಕುರಿಗಳನ್ನು ಕೂಡಿಸಿ ರೂಪಿಸಿದ್ದು. ಬೇಗ ಬೆಳೆಯುತ್ತದೆ, ಕೂದಲನ್ನು ತಾನೇ ಉದುರಿಸಿಕೊಳ್ಳುತ್ತದೆ. ಡಾಕ್ಟರು ಅದನ್ನು ತೆಗಳಲಿಲ್ಲ. ಮಾರಾಟದ ಮರಿಗೆ ಮಾತ್ರ ಅಂಥ ಟಗರನ್ನು ಬಳಸಿ, ಬೆರಕೆ ಹೆಣ್ಣುಗಳನ್ನು ಬೀಜಕ್ಕೆ ಇಟ್ಟುಕೊಳ್ಳದೆ, ಊರ ಕುರಿಯ ಒಂದು ಗುಂಪನ್ನು ಪ್ರತ್ಯೇಕವಾಗಿ ಶುದ್ಧವಾಗಿ ಉಳಿಸಿಕೊಂಡರೆ ಆದೀತು. ಎಲ್ಲವನ್ನೂ ಬೆರೆಸಿದರೆ ಮೂರು ನಾಲ್ಕು ಪೀಳಿಗೆಯಲ್ಲಿ ಹಿಂತಿರುಗುವ ದಾರಿಯೇ ಇರುವುದಿಲ್ಲ ಎಂದು ವಿವರಿಸಿದರು. ರಾಜಸ್ಥಾನದ ಟೋಂಕ್ ಜಿಲ್ಲೆಯ ಅವಿಕಾನಗರದಲ್ಲಿ 1962ರಲ್ಲಿ ಆರಂಭವಾದ ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯಲ್ಲಿ ವಿದೇಶಿ ರ‍್ಯಾಂಬುಲೆ ಮತ್ತು ಅಲ್ಲಿನದೇ ಆದ ಮಾಲ್ಪುರಾ ಕುರಿಗಳಿಂದ ಅವಿಕಾಲಿನ್ ಎಂಬ ತಳಿಯನ್ನು ರೂಪಿಸಿದ ಉದಾಹರಣೆಯನ್ನೂ ಕೊಟ್ಟರು. ಅಲ್ಲಿ ಬೆರಕೆ ಮಾಡಿದವರು ಮೂಲ ತಳಿಯನ್ನೂ ದಾಖಲೆಯನ್ನೂ ಕೈಬಿಡಲಿಲ್ಲ, ಇಲ್ಲಿ ನಮ್ಮ ಹಳ್ಳಿಗಳಲ್ಲಿ ಮಾಡುವ ಬೆರಕೆಗೆ ದಾಖಲೆಯೇ ಇರುವುದಿಲ್ಲ ಎಂಬುದು ಅವರ ಮಾತಿನ ತಿರುಳು.

ಯುವಕರ ಯೋಜನೆಯಲ್ಲಿ ಇನ್ನೊಂದು ಅಂಶ ನನಗೆ ಕಳವಳ ತಂದಿತು. ಅಟ್ಟಣಿಗೆಯ ಮೇಲೆ ಕಟ್ಟಿ, ಹಿಂಡಿ, ಬೂಸಾ, ನೇಪಿಯರ್ ಹುಲ್ಲು ಹಾಕಿ ಸಾಕಿದರೆ ಯಾವ ಕುರಿಯಾದರೂ ಬೆಳೆಯುತ್ತದೆ. ಅಂಥ ಕಡೆ ಬಿಸಿಲನ್ನೋ ಬರವನ್ನೋ ತಡೆಯದ ಕುರಿಯೂ ಮರಿ ಹಾಕಿ, ತನ್ನ ದುರ್ಬಲತೆಯನ್ನು ಮುಂದಕ್ಕೆ ದಾಟಿಸುತ್ತದೆ. ಕೊಟ್ಟಿಗೆಯ ಸಾಕಣೆ ತಪ್ಪಲ್ಲ, ನೆಲವಿಲ್ಲದವರಿಗೆ ಅದೇ ದಾರಿ. ಆದರೆ ಬೀಜದ ಟಗರುಗಳನ್ನು ಮಾತ್ರ ಬಯಲಿನಲ್ಲಿ ಮೇಯ್ದು, ಬೇಸಿಗೆ ಕಂಡ, ತಾಯಿಯ ಚರಿತ್ರೆ ಗೊತ್ತಿರುವ ಮಂದೆಗಳಿಂದಲೇ ತರಬೇಕು ಎಂಬುದನ್ನು ನಾನು ಈ ಪ್ರವಾಸದ ನಂತರ ಸ್ಪಷ್ಟವಾಗಿ ಹೇಳಬಲ್ಲೆ. ಯುವಕರಲ್ಲಿ ಒಬ್ಬ ಇದನ್ನು ಮನಸ್ಸಿಟ್ಟು ಕೇಳಿ, ನಾಗಮಂಗಲದ ದಾರಿಯ ಮಂದೆ ಇನ್ನೂ ಎಷ್ಟು ದಿನ ಅಲ್ಲಿರುತ್ತದೆ ಎಂದು ವಿಚಾರಿಸಿಕೊಂಡ.

ಮೈಸೂರಿನ ಕಡೆ ಹೊರಡುವ ಮುಂಚೆ ಮಳವಳ್ಳಿ ಸೀಮೆಯ ಹಿರಿಯಾಕೆಯ ಮನೆಯಿಂದ ಡಾಕ್ಟರಿಗೆ ಫೋನು ಬಂತು. ಎರಡು ಮನೆಯವರು ಒಪ್ಪಿದ್ದಾರೆ, ಮೂರನೆಯವರು ಟಗರು ಮಳೆಗಾಲದಲ್ಲಿ ಯಾರ ಕೊಟ್ಟಿಗೆಯಲ್ಲಿರಬೇಕೆಂದು ಮೊದಲು ತೀರ್ಮಾನವಾಗಲಿ ಎನ್ನುತ್ತಿದ್ದಾರೆ, ಮರಿಗೆ ಬೆಂಗಳೂರಿನ ಗಿರಾಕಿ ಆಗಲೇ ಬೆಲೆ ಹೇಳಿಹೋಗಿದ್ದಾನೆ ಎಂಬುದು ಸುದ್ದಿ. ಹೊಸತೊಡಕು ಕಳೆಯುವವರೆಗೆ ಮುಂಗಡ ಮುಟ್ಟಬೇಡಿ, ಭಾನುವಾರ ನಾನೇ ಬಂದು ಎಲ್ಲರನ್ನೂ ಕೂಡಿಸಿ ಮಾತಾಡುತ್ತೇನೆ, ಅಷ್ಟರಲ್ಲಿ ಆ ಮರಿಗೆ ಕರುಳುಬೇನೆಯ ಲಸಿಕೆ ಹಾಕಿಸಿಡಿ ಎಂದು ಡಾಕ್ಟರು ಹೇಳಿದರು.